ಕಿವಿಯಲ್ಲಿ ನೋಡಿದ ಸಿನಿಮಾ

ಆ ಸಿನಿಮಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಇವತ್ತೇ ಫೋನಿನಲ್ಲಿ ಹುಡುಕಿ ನೋಡುತ್ತೀರಿ, ನೋಡಿ ಇಷ್ಟೆಯಾ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ನಮ್ಮ ಮನೆಯ ಹಿಂಬಾಗಿಲಲ್ಲಿ ಓಡಿದ್ದು ಅದಲ್ಲ. ಅಲ್ಲಿ ಓಡಿದ್ದನ್ನು ಯಾವ ನಿರ್ದೇಶಕನೂ ತೆಗೆದಿಲ್ಲ. ಅದಕ್ಕೆ ರೀಲಿಲ್ಲ, ಪೋಸ್ಟರಿಲ್ಲ. ಅದನ್ನು ಕಟ್ಟಿದವಳು ನನ್ನ ಅಕ್ಕ ಸುಮತಿ. ಕಟ್ಟಿದ್ದು ತೀರಾ ಚೆನ್ನಾಗಿತ್ತು ಎಂಬ ಕಾರಣಕ್ಕೆ ಶಿಕ್ಷೆ ಅನುಭವಿಸಿದವಳೂ ಅವಳೇ. ಸ್ವಲ್ಪ ಕೆಟ್ಟದಾಗಿ ಕಟ್ಟಿದ್ದರೆ ಇಷ್ಟು ಹೊತ್ತಿಗೆ ಯಾವುದೋ ಶಾಲೆಯ ಹೆಡ್‌ಮಿಸ್ ಆಗಿ, ರಿಟೈರ್ ಆಗಿ, ಹಳೇ ಶಿಷ್ಯರು ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಂತೆ ಬದುಕಿರುತ್ತಿದ್ದಳು. ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ವಯಸ್ಸಾದ ಮೇಲೆ ಎಲ್ಲ ತಣ್ಣಗಾಗುತ್ತದೆ ಅನ್ನುತ್ತಾರಲ್ಲ, ನನಗೆ ಹಾಗೇನೂ ಆಗಿಲ್ಲ.

ಕೋಟದಿಂದ ಕಡಲ ಕಡೆಗೆ ಹೋಗುವ ದಾರಿಯಲ್ಲಿತ್ತು ನಮ್ಮ ಮನೆ. ನಮ್ಮದು ಅನ್ನುವುದು ಬಾಯಿಮಾತಿಗೆ ಮಾತ್ರ. ಅದು ದೇವಸ್ಥಾನದ ಮನೆ. ಅಪ್ಪಯ್ಯ ದೇವಸ್ಥಾನದಲ್ಲಿ ನೈವೇದ್ಯದ ಅಡುಗೆ ಮಾಡುತ್ತಿದ್ದರು. ಆ ಕೆಲಸ ಇರುವಷ್ಟು ದಿನ ಆ ಮಾಡಿನ ಕೆಳಗೆ ನಾವಿರಬಹುದಿತ್ತು. ಎದುರಿಗೆ ಸಗಣಿ ಸಾರಿಸಿದ ಜಗಲಿ, ಅದರ ಹಿಂದೆ ಹಗಲಲ್ಲೂ ಕತ್ತಲೆಯಿರುವ ಒಂದು ಕೋಣೆ, ಆ ಕೋಣೆಯ ಮೂಲೆಯಲ್ಲಿ ದೇವರು, ಆಮೇಲೆ ಅಡುಗೆಮನೆ, ಅಡುಗೆಮನೆಗೊಂದು ಹಿಂಬಾಗಿಲು. ಮನೆಯ ಸುಖವೆಲ್ಲ ಇದ್ದದ್ದು ಆ ಹಿಂಬಾಗಿಲಲ್ಲಿ. ಬಾಗಿಲಾಚೆ ಬಾವಿಕಟ್ಟೆ, ದಾಸವಾಳದ ಬೇಲಿ, ಬೇಲಿಯಾಚೆ ದೇವಸ್ಥಾನದ್ದೇ ಒಂದು ಗದ್ದೆ. ಕೊಯ್ಲು ಮುಗಿದ ಮೇಲೆ ಆ ಗದ್ದೆಯನ್ನು ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಟೆಂಟ್ ಸಿನಿಮಾದವರಿಗೆ ಬಾಡಿಗೆಗೆ ಕೊಡುತ್ತಿದ್ದರು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಲಾರಿಯಲ್ಲಿ ಕಂಬ, ಬಟ್ಟೆ, ಬೆಂಚುಗಳು ಬಂದಿಳಿಯುತ್ತಿದ್ದವು. ಮಳೆ ಹಿಡಿಯುವ ಮೊದಲು ಎಲ್ಲ ಕಿತ್ತುಕೊಂಡು ಹೋಗುತ್ತಿದ್ದರು. ಟೆಂಟಿನ ಬೆನ್ನು ನಮ್ಮ ಕಡೆಗೆ. ಪರದೆ ಕಟ್ಟುತ್ತಿದ್ದದ್ದೂ ಅದೇ ತುದಿಗೆ, ಪರದೆಯ ಹಿಂದೆ ಸ್ಪೀಕರಿನ ಪೆಟ್ಟಿಗೆ. ಹಾಗಾಗಿ ದುಡ್ಡು ಕೊಟ್ಟು ಒಳಗೆ ಕೂತವರಿಗಿಂತ ನಮಗೇ ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಚಿತ್ರ ಮಾತ್ರ ಇಲ್ಲ. ಟೆಂಟಿನ ಬಟ್ಟೆಯ ಮೇಲೆ ಬೆಳಕು ಹೆಚ್ಚು ಕಡಿಮೆಯಾಗುವುದು ಕಾಣುತ್ತಿತ್ತು, ಅಷ್ಟೆ. ಬೆಳಗಿದರೆ ಹಗಲು, ಮಂಕಾದರೆ ರಾತ್ರಿ ಅಥವಾ ಜೈಲು ಎಂದು ನಾವು ತಿಳಿದುಕೊಳ್ಳುತ್ತಿದ್ದೆವು.

ಅಪ್ಪಯ್ಯನಿಗೆ ಸಿನಿಮಾ ಅಂದರೆ ಆಗದು. ನಾವು ಮೂವರು ಹೆಂಗಸರೂ ಒಂದೇ ಒಂದು ಸಿನಿಮಾ ನೋಡಿದವರಲ್ಲ. ಆದರೆ ಟೆಂಟನ್ನು ಬೇಡ ಅನ್ನುವ ಧೈರ್ಯ ಅಪ್ಪಯ್ಯನಿಗೆ ಇರಲಿಲ್ಲ, ಯಾಕೆಂದರೆ ಅದನ್ನು ತರಿಸಿದವರು ಮೊಕ್ತೇಸರರು. ದೇವರ ಜಾಗದಲ್ಲಿ ಇದೆಂಥ ಆಟ ಎಂದು ಊರಿನ ಕೆಲವರು ತಕರಾರು ತೆಗೆದಾಗ ಮೊಕ್ತೇಸರರು ಅಪ್ಪಯ್ಯನನ್ನೇ ಎಲ್ಲರ ಎದುರು ನಿಲ್ಲಿಸಿ ಕೇಳಿದರಂತೆ:

"ಭಟ್ರೆ, ಎಲ್ಲರಿಂದ ಹತ್ರ ಇಪ್ಪುದ್ ನಿಮ್ಮ ಮನಿ. ನಿಮ್ಗ್ ಎಂತಾರೂ ತೊಂದ್ರಿ ಇತ್ತಾ?"

ಅಪ್ಪಯ್ಯ ಹೇಳಿದರಂತೆ:

"ಎಂತ ತೊಂದ್ರಿಯೂ ಇಲ್ಲೆ. ನಮ್ಮನಿಗ್ ಒಂದ್ ಶಬ್ದವೂ ಕೇಂತಿಲ್ಲೆ."

ಕೆಲಸ ಮತ್ತು ಮನೆ ಉಳಿಸಿಕೊಳ್ಳಲು ಹೇಳಿದ ಸುಳ್ಳು. ಆ ಸುಳ್ಳಿಗಾಗಿ ನಾನು ಅವರನ್ನು ದೂರುವುದಿಲ್ಲ. ಆಮೇಲೆ ಅದನ್ನೇ ನಿಜ ಅಂದುಕೊಂಡು ಬದುಕಿದರಲ್ಲ, ಅದಕ್ಕೆ ದೂರುತ್ತೇನೆ. ಕೇಳಿಸುವುದಿಲ್ಲ ಎಂದು ಊರಿಗೆಲ್ಲ ಹೇಳಿದ ಮೇಲೆ ಮನೆಯವರಿಗೂ ಕೇಳಿಸಬಾರದಲ್ಲ. ಆದ್ದರಿಂದ ಕತ್ತಲಾಗುವ ಹೊತ್ತಿಗೆ ದೀಪ ಹಚ್ಚಿಸಿ, ನಮ್ಮಿಂದ ಭಜನೆ ಹೇಳಿಸಿ, ಹಿಂಬಾಗಿಲಿಗೆ ಅಗಳಿ ಹಾಕಿಸಿ ಅವರು ರಾತ್ರಿಪೂಜೆಯ ಅಡುಗೆಗೆ ಹೊರಡುತ್ತಿದ್ದರು. ಅವರ ಬೆನ್ನು ಗದ್ದೆಯಂಚಿನಲ್ಲಿ ಮರೆಯಾಗುವುದೇ ತಡ, ಅಮ್ಮ ಒಲೆಗೊಂದು ಹಸಿ ಕಟ್ಟಿಗೆ ತುರುಕುತ್ತಿದ್ದಳು. ಅಡುಗೆಮನೆ ತುಂಬ ಹೊಗೆ ಏಳುತ್ತಿತ್ತು.

"ಉಸ್ರ್ ಕಟ್ಟತ್ತಲೆ. ಬಾಗ್ಲ್ ತೆಗಿ ಹೆಣೆ."

ಬಾಗಿಲು ಯಾಕೆ ತೆಗೆದಿರಿ ಎಂದು ಕೇಳುವವರು ಆ ಹೊತ್ತಿಗೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಆದರೂ ಅಮ್ಮನಿಗೆ ನೆಪವೊಂದು ಬೇಕಿತ್ತು. ಅವಳು ಬದುಕಿದ್ದೇ ಹಾಗೆ, ಪ್ರತಿಯೊಂದಕ್ಕೂ ಒಂದು ನೆಪ ಕೈಯಲ್ಲಿಟ್ಟುಕೊಂಡು. ಮರುದಿನ ಬೆಳಗಿನ ಪೂಜೆಗೆ ಹೂ ಕಟ್ಟಿಕೊಡುವುದು ನಮ್ಮ ಮನೆಯ ಕೆಲಸವಾಗಿತ್ತು. ಹೊಸ್ತಿಲ ಮೇಲೆ ಅಮ್ಮ, ಕೆಳಗಿನ ಮೆಟ್ಟಿಲ ಮೇಲೆ ಅಕ್ಕ, ನಡುವೆ ಹೂವಿನ ಬುಟ್ಟಿ, ಬಾಳೆನಾರು ಸೀಳಿ ಸೀಳಿ ಕೊಡುವವಳು ನಾನು. ಅಕ್ಕನಿಗೆ ಆಗ ಕಾಲೇಜು ಮುಗಿಯುವ ವಯಸ್ಸು, ನಾನು ಪ್ರೈಮರಿ ಶಾಲೆಯವಳು. ಟೆಂಟಿನಲ್ಲಿ ಅಳುವ ಘಟ್ಟ ಬಂದರೆ ಅಮ್ಮನ ಗಂಟು ತನ್ನಷ್ಟಕ್ಕೇ ಬಿಗಿಯಾಗುತ್ತಿತ್ತು. ಮರುದಿನ ಅಪ್ಪಯ್ಯ ದೇವಸ್ಥಾನದಿಂದ ಬಂದು ಬೈಯುತ್ತಿದ್ದರು: "ಮಾಲಿ ಇಷ್ಟ್ ಬಿಗ್ದ್ ಕಟ್ಟುದೆಂತಕೆ? ಹೂಗೆಲ್ಲ ತುಂಡಾಯ್ತ್." ಅಮ್ಮ ತಲೆ ತಗ್ಗಿಸಿ ಗಂಜಿ ಬಡಿಸುತ್ತಿದ್ದಳು, ನಾನೂ ಅಕ್ಕನೂ ಉಪ್ಪಿನಕಾಯಿ ನೋಡುತ್ತಾ ನಗು ತಡೆದುಕೊಳ್ಳುತ್ತಿದ್ದೆವು. ಆ ಮನೆಯಲ್ಲಿ ನಾವು ಮೂವರೂ ಒಂದೇ ಕಡೆ ಇದ್ದೇವೆ ಎಂದು ನಾನು ನಂಬಿದ್ದು ಆ ದಿನಗಳಲ್ಲಿ.

ಟೆಂಟಿಗೆ ಬರುತ್ತಿದ್ದದ್ದು ಊರೂರು ಸುತ್ತಿ ಸವೆದ ಹಳೇ ಸಿನಿಮಾಗಳು. ಒಂದು ಬಂದರೆ ಜನ ತೀರುವವರೆಗೂ ಅದನ್ನೇ ಆಡಿಸುತ್ತಿದ್ದರು. ಎರಡು ಸಂಜೆ ಕೇಳಿದರೆ ಮಾತುಗಳೆಲ್ಲ ನಮಗೆ ಬಾಯಿಗೆ ಬರುತ್ತಿದ್ದವು. ಅಲ್ಲಿಂದ ಮುಂದೆ ಅಕ್ಕನ ಕೆಲಸ. ಮಾತು ಟೆಂಟಿನದ್ದು, ಉಳಿದದ್ದೆಲ್ಲ ಅವಳದ್ದು. ಮಾತಾಡುವವಳು ಎಲ್ಲಿ ನಿಂತಿದ್ದಾಳೆ, ಸೀರೆ ಯಾವ ಬಣ್ಣ, ಎದುರಿನವನ ಕೈಯಲ್ಲಿ ಏನಿದೆ, ಹಿಂದೆ ಗಂಟೆ ಹೊಡೆದದ್ದು ದನವೋ ದೇವಸ್ಥಾನವೋ. ಒಂದೊಂದು ಸಂಜೆ ಒಂದೊಂದು ರೀತಿ. ನಿನ್ನೆ ಬಾಗಿಲ ಬಳಿ ನಿಂತು ಹೇಳಿದ ಮಾತನ್ನು ಇವತ್ತು ಬಾವಿಕಟ್ಟೆಯ ಮೇಲೆ ಕೂತು ಹೇಳಿದರೆ ಅದರ ಅರ್ಥವೇ ಬೇರೆಯಾಗುತ್ತದೆ ಎಂದು ನನಗೆ ತೋರಿಸಿಕೊಟ್ಟವಳು ಅವಳು. ಅಮ್ಮ ಸುಮ್ಮನಿರುತ್ತಿರಲಿಲ್ಲ. ಅತ್ತೆಯ ಮೂಗಿಗೆ ದೊಡ್ಡ ನತ್ತು ಹಾಕಿಸುತ್ತಿದ್ದಳು, ಕೆಟ್ಟವನಿಗೆ ಕೆಮ್ಮು ಬರಿಸುತ್ತಿದ್ದಳು, ಹಸಿದವರಿಗೆ ಊಟ ಹಾಕಿಸದೆ ದೃಶ್ಯ ಮುಗಿಸಲು ಬಿಡುತ್ತಲೇ ಇರಲಿಲ್ಲ.

ಮಳೆಗಾಲದಲ್ಲಿ ಟೆಂಟು ಇರುತ್ತಿರಲಿಲ್ಲವಲ್ಲ, ಆಗ ಅಕ್ಕ ಪೂರ್ತಿ ಇಲ್ಲದ ಸಿನಿಮಾಗಳನ್ನೇ ಬಿಡುಗಡೆ ಮಾಡುತ್ತಿದ್ದಳು. ಆ ಬೇಸಗೆಯಲ್ಲಿ ಸತ್ತ ನಾಯಕ ಬದುಕಿ ಬಂದು ಬೇರೆ ಸಿನಿಮಾದ ನಾಯಕಿಯನ್ನು ಮದುವೆಯಾಗುತ್ತಿದ್ದ. ಕೆಟ್ಟವನು ಬುದ್ಧಿ ಕಲಿತು ಮುಂಬೈಯಲ್ಲಿ ಹೋಟೆಲು ಇಡುತ್ತಿದ್ದ. ಡಬ್ಬದಿಂದ ಒಂದು ಹಲಸಿನ ಹಪ್ಪಳ ತೆಗೆದು ಬೆರಳ ತುದಿಯಲ್ಲಿ ತಿರುಗಿಸುತ್ತಾ, "ಕಾಣಿ, ಹೊಸ ಪ್ಲೇಟ್ ಬಂತ್" ಅನ್ನುತ್ತಿದ್ದಳು. ಆಗ ಗ್ರಾಮಫೋನ್ ರೆಕಾರ್ಡಿಗೆ ನಮ್ಮಲ್ಲಿ ಪ್ಲೇಟು ಎಂದೇ ಹೆಸರು. ಟೆಂಟಿನಲ್ಲಿ ಆಟಕ್ಕೆ ಮೊದಲು ಹಾಕುವ ಹಾಡಿನ ಗಾಯಕಿ ನಮ್ಮಮ್ಮನ ಶೋಭಾನೆ ಹಾಡುಗಳನ್ನು ಹಾಡಿದ ಪ್ಲೇಟು ಅದು. ಒಂದು ಬದಿಯಲ್ಲಿ ಮದುಮಗಳಿಗೆ ಎಣ್ಣೆ ಹಚ್ಚುವ ಹಾಡು, ಮತ್ತೊಂದು ಬದಿಯಲ್ಲಿ ಅಪ್ಪಯ್ಯ ಬೈದದ್ದು, ವಾದ್ಯ ಸಮೇತ. ಹಾಡಿ ಮುಗಿಸಿ ಆ ಪ್ಲೇಟನ್ನು ಕೆಂಡದ ಮೇಲೆ ಸುಟ್ಟು ಮೂವರೂ ಮುರಿದು ತಿನ್ನುತ್ತಿದ್ದೆವು. ಅಂಥ ಸಂಗೀತ ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ.

ನಾನು ಹೆಸರು ಹೇಳದ ಆ ಸಿನಿಮಾ ಬಂದದ್ದು ಒಂದು ಬೇಸಗೆಯ ಕೊನೆಯಲ್ಲಿ. ಅದರಲ್ಲೊಬ್ಬಳು ಸೊಸೆ, ಅತ್ತೆಯ ಚಿನ್ನದ ಡಾಬು ಕದ್ದಳೆಂದು ಅವಳ ಮೇಲೆ ಆರೋಪ. ಪಂಚಾಯಿತಿ ಸೇರುತ್ತದೆ. ಹಿರಿಯರೊಬ್ಬರು ದೊಡ್ಡ ಸ್ವರದಲ್ಲಿ, "ಇವಳ ಪರವಾಗಿ ಮಾತಾಡುವವರು ಯಾರಾದರೂ ಇದ್ದೀರಾ?" ಅನ್ನುತ್ತಾರೆ. ಅಲ್ಲಿಂದ ಮಾತೇ ಇಲ್ಲ. ಬರೀ ಪಿಟೀಲು, ತುಂಬ ಹೊತ್ತು. ಆ ಪಿಟೀಲಿನ ನಡುವೆ ಒಮ್ಮೆ ಗಾಜಿನ ಬಳೆಗಳ ಸದ್ದು. ಮತ್ತೆ ಪಿಟೀಲು. ಅದು ಮುಗಿಯುವಾಗ ಸೊಸೆ ಎಲ್ಲೋ ದಾರಿಯಲ್ಲಿ ಹಾಡುತ್ತಾ ಹೋಗುತ್ತಿರುತ್ತಾಳೆ. ನಡುವೆ ಏನಾಯಿತು? ಕಳ್ಳಿ ಅಲ್ಲವೆಂದು ಗೊತ್ತಾಯಿತೇ? ಬಳೆ ಯಾರದ್ದು? ಅಕ್ಕ ಮೊದಲ ದಿನ ಅತ್ತೆಯದ್ದು ಅಂದಳು, ಎರಡನೆಯ ದಿನ ಸೊಸೆಯೇ ಬಳೆ ಒಡೆದುಕೊಂಡಳು ಅಂದಳು. ಯಾವುದೂ ಕೂಡಲಿಲ್ಲ. ಮರುದಿನ ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ ಹೇಳಿದಳು:

"ಅದ್ ಆ ಹೆಣ್ಣಿನ್ ಅಮ್ಮ ಕಾಣ್. ಅಲ್ಲೇ ಕೂಕಂಡಿದ್ಲ್. ಈಗ ಎದ್ದ್ ಬತ್ಲ್. ಏಳುವಾಗ ಬಳಿ ಶಬ್ದ ಆಯ್ತಲೆ. ಹೆತ್ತವ್ಳ್ ಸುಮ್ನೆ ಕೂಕಂತ್ಲಾ?"

ಅಕ್ಕ ಅಮ್ಮನನ್ನೇ ನೋಡಿದಳು. ಆ ಸಂಜೆ ಆ ದೃಶ್ಯ ಹುಟ್ಟಿತು. ಗಂಡಸರ ಗುಂಪಿನ ಹಿಂದೆ ನೆಲದ ಮೇಲೆ ಕೂತಿದ್ದ ತಾಯಿ ಏಳುತ್ತಾಳೆ. ಹಸಿರು ಸೀರೆ, ಹಳದಿ ಅಂಚು, ಕೈತುಂಬ ಬಳೆ. ಒಬ್ಬೊಬ್ಬರನ್ನೇ ದಾಟಿಕೊಂಡು ಬರುತ್ತಾಳೆ. ಏನೂ ಮಾತಾಡುವುದಿಲ್ಲ. ಮಗಳ ಕೈ ಹಿಡಿದುಕೊಂಡು ತಿರುಗಿ ನಡೆಯುತ್ತಾಳೆ. ಪಿಟೀಲು ಮುಗಿಯುವುದಕ್ಕೂ ಇಬ್ಬರೂ ಬಾಗಿಲು ದಾಟುವುದಕ್ಕೂ ಸರಿಯಾಗುತ್ತದೆ. ಅಕ್ಕ ಇದನ್ನು ಹೇಳಿ ಮುಗಿಸಿದಾಗ ಅಮ್ಮ ಕಣ್ಣೊರೆಸಿಕೊಂಡಳು. ಮರುದಿನದ ಮಾಲೆಯ ಬಗ್ಗೆ ಅಪ್ಪಯ್ಯ ಏನು ಹೇಳಿದರೋ ನೆನಪಿಲ್ಲ.

ಅದು ಹಪ್ಪಳದ ಕಾಲ. ಬೇಯಿಸಿದ ಹಲಸಿನ ಸೊಳೆಯನ್ನು ಒರಳಲ್ಲಿ ಗುದ್ದಿ, ಉಂಡೆ ಕಟ್ಟಿ, ಬಾಳೆಲೆಯ ತುಂಡ ಮೇಲಿಟ್ಟು ಮಣೆಯಿಂದ ಒತ್ತುವ ಕೆಲಸ ಒಬ್ಬರಿಂದ ಆಗುವುದಲ್ಲ. ಇವತ್ತು ಒಂದು ಮನೆಯಲ್ಲಾದರೆ ನಾಳೆ ಇನ್ನೊಂದರಲ್ಲಿ, ಸುತ್ತಲಿನ ಹೆಂಗಸರೆಲ್ಲ ಸೇರುತ್ತಿದ್ದರು. ಕೈ ಒತ್ತುತ್ತಿರುವಾಗ ಬಾಯಿಗೆ ಕೆಲಸ ಬೇಕಲ್ಲ; ಅಕ್ಕ ಸಿನಿಮಾ ಹೇಳುತ್ತಿದ್ದಳು. ಹಿಂಬಾಗಿಲ ಗುಟ್ಟು ಹೊರಗೆ ಬರಬಾರದು ಎಂದು ಅಮ್ಮ ಕಟ್ಟುನಿಟ್ಟು ಮಾಡಿದ್ದಳು. ಅದಕ್ಕೆ ಅಕ್ಕ ಕಾಲೇಜಿನ ಗೆಳತಿ ನೋಡಿ ಬಂದು ಹೇಳಿದ್ದು ಎಂದು ಸುರು ಮಾಡುತ್ತಿದ್ದಳು. ಸಿನಿಮಾ ಒಂದೇ, ಆದರೆ ಮನೆ ಮನೆಗೆ ಬೇರೆ. ಗಂಡನ ಮನೆಯಿಂದ ಮಗಳು ವಾಪಸು ಬಂದು ಕೂತಿರುವ ಮನೆಯಲ್ಲಿ ಸಿನಿಮಾದ ಗಂಡ ಕೊನೆಗೆ ಬಾಗಿಲಿಗೆ ಬಂದು ಕರೆಯುತ್ತಿದ್ದ. ಮುದುಕಿ ಅತ್ತೆ ಇನ್ನೂ ಗಟ್ಟಿಯಾಗಿರುವ ಮನೆಯಲ್ಲಿ ಸಿನಿಮಾದ ಅತ್ತೆಗೆ ಬುದ್ಧಿ ಬರುತ್ತಿತ್ತು. ಯಾರಿಗೆ ಏನು ಬೇಕೋ ಅದನ್ನು ಕೊಡುವ ಈ ಕೈಗುಣ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಒದಗುತ್ತಿತ್ತೋ. ಅವಳಿಗೆ ಆಗಲೇ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಮಳೆ ಸುರುವಾದ ಮೇಲೆ ಕುಂದಾಪುರದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಕಲಿಯುವುದೆಂದು ಮಾತಾಗಿತ್ತು. ಬೈಂದೂರಿನ ಕಡೆಯ ಒಬ್ಬ ಮಾಸ್ತರರ ಸಂಬಂಧವೂ ಬಂದಿತ್ತು; ಹುಡುಗಿ ಓದು ಮುಗಿಸಲಿ, ನಾವು ಕಾಯುತ್ತೇವೆ ಎಂದಿದ್ದರು ಅವರು. ಅಕ್ಕನ ಮುಂದೆ ಒಂದು ದಾರಿ ಸಲೀಸಾಗಿ ತೆರೆದಿತ್ತು.

ಪದ್ದಕ್ಕನ ಮನೆಯ ಹಪ್ಪಳದ ದಿನ ಅಲ್ಲಿಗೆ ಬೈಂದೂರಿನ ಹುಡುಗನ ಸೋದರತ್ತೆ ಕಾವೇರಮ್ಮ ನೆಂಟರಂತೆ ಬಂದು ಕೂತಿದ್ದರು. ಪದ್ದಕ್ಕ ನಮ್ಮ ಎದುರು ಮನೆಯವರು, ಕಾವೇರಮ್ಮನಿಗೆ ದೂರದ ಸಂಬಂಧ. ಹುಡುಗಿಯನ್ನು ಹತ್ತಿರದಿಂದ ನೋಡಲೆಂದೇ ಬಂದದ್ದು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಅಕ್ಕನಿಗೂ. ಆ ದಿನ ಅವಳು ಹೇಳಿದ್ದು ಅದೇ ಸಿನಿಮಾ. ಅಷ್ಟು ಚೆನ್ನಾಗಿ ಅವಳು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಹಿರಿಯರ ಪ್ರಶ್ನೆಯನ್ನು ಅದೇ ಸ್ವರದಲ್ಲಿ ಕೇಳಿದಳು. ಪಿಟೀಲಿನ ಬದಲು ಸುಮ್ಮನೆ ಕೂತಳು. ಮಣೆಗಳೆಲ್ಲ ನಿಂತವು. ಆಮೇಲೆ ಬಳೆಯ ಕೈ ಆಡಿಸಿ ಹಸಿರು ಸೀರೆಯ ತಾಯಿಯನ್ನು ಎಬ್ಬಿಸಿದಳು. ಹೆಂಗಸರೆಲ್ಲ ಅತ್ತರು. ಎಲ್ಲರಿಗಿಂತ ಹೆಚ್ಚು ಅತ್ತವರು ಕಾವೇರಮ್ಮ.

"ಎಷ್ಟ್ ಚಂದ ಹೇಳ್ತೆ ಹೆಣೆ, ಕಣ್ಣಾರೆ ಕಂಡಾಂಗೆ. ಯಾವತ್ತ್ ಕಂಡದ್ದ್?"

ಗೆಳತಿ ಹೇಳಿದ್ದು ಎಂದರೆ ಮುಗಿಯುತ್ತಿತ್ತು. ಅಕ್ಕ ಆ ದಿನ ಹಾಗೆ ಹೇಳಲಿಲ್ಲ, ಸುಮ್ಮನೆ ನಕ್ಕಳು. ತನ್ನದನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯಲು ಆ ಒಂದು ದಿನ ಅವಳಿಗೆ ಮನಸ್ಸು ಬರಲಿಲ್ಲ. ಅದನ್ನು ತಪ್ಪು ಅನ್ನುವವರು ಅನ್ನಲಿ. ನಾನಂತೂ ಅನ್ನುವುದಿಲ್ಲ.

ಕಾವೇರಮ್ಮನಿಗೆ ಆ ಸಿನಿಮಾ ನೋಡುವ ಆಸೆ ಹತ್ತಿತು. ಮರುದಿನ ಸಂಜೆ ಪದ್ದಕ್ಕನನ್ನು ಕರೆದುಕೊಂಡು ಟೆಂಟಿಗೆ ಹೋದರು. ಹೋಗಿ ನೋಡಿದರೆ ಅಕ್ಕ ಹೇಳಿದ ಮಾತುಗಳೆಲ್ಲ ಅಕ್ಷರ ತಪ್ಪದೆ ಇವೆ, ಅಕ್ಕ ಹೇಳಿದ ಚಿತ್ರ ಒಂದೂ ಇಲ್ಲ. ತಾಯಿ ಎದ್ದು ಬರುವುದಿಲ್ಲ. ಹಸಿರು ಸೀರೆ ಇಲ್ಲ. ಆ ಸಿನಿಮಾಕ್ಕೆ ಬಣ್ಣವೇ ಇಲ್ಲ, ಅದು ಕಪ್ಪು ಬಿಳುಪು! ಇದರಿಂದ ಬುದ್ಧಿ ನೆಟ್ಟಗಿರುವವರು ಏನು ತಿಳಿಯಬೇಕು? ಹುಡುಗಿ ಸಿನಿಮಾ ನೋಡಿಲ್ಲ ಎಂದು ತಿಳಿಯಬೇಕು. ಕಾವೇರಮ್ಮ ತಿಳಿದದ್ದು ಬೇರೆ. ಮಾತು ಪೂರ್ತಿ ಬರಬೇಕಾದರೆ ಹುಡುಗಿ ಟೆಂಟಿನೊಳಗೆ ಇದ್ದದ್ದು ಹೌದು. ಚಿತ್ರ ಒಂದೂ ಗೊತ್ತಿಲ್ಲ ಅಂದರೆ ಅವಳ ಕಣ್ಣು ಪರದೆಯ ಮೇಲೆ ಇರಲಿಲ್ಲ. ಹಾಗಾದರೆ ಕತ್ತಲಲ್ಲಿ ಅವಳು ಎತ್ತ ನೋಡುತ್ತಿದ್ದಳು, ಯಾರ ಜೊತೆ ಕೂತಿದ್ದಳು? ಪದ್ದಕ್ಕನ ಮನೆ ರಸ್ತೆಯಾಚೆ; ಅಲ್ಲಿಗೆ ಟೆಂಟಿನ ಗಲಾಟೆ ಬರುತ್ತಿತ್ತೇ ಹೊರತು ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಅಡುಗೆ ಭಟ್ಟರ ಮನೆಗೆ ಕೇಳುತ್ತದೋ ಏನೋ ಎಂದು ಒಬ್ಬರಿಗಾದರೂ ಅನುಮಾನ ಬರಬೇಕಿತ್ತು. ಆದರೆ ಒಂದು ಶಬ್ದವೂ ಕೇಳುವುದಿಲ್ಲ ಎಂದು ಭಟ್ಟರೇ ಊರೆದುರು ಹೇಳಿಬಿಟ್ಟಿದ್ದರಲ್ಲ. ಬೈಂದೂರಿನವರು ಸಂಬಂಧ ಬೇಡ ಅಂದರು. ಯಾಕೆ ಬೇಡ ಅನ್ನುವುದು ಮೊಕ್ತೇಸರರ ಬಾಯಿಂದಲೇ ಅಪ್ಪಯ್ಯನ ಕಿವಿಗೆ ಬಿತ್ತು.

ಅಪ್ಪಯ್ಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನನ್ನು ಜಗಲಿಗೆ ಕರೆದರು. ನಾನು ಅಕ್ಕನ ಹಿಂದೆಯೇ ಹೋದೆ. ಅಮ್ಮ ಅಡುಗೆಮನೆಯಲ್ಲಿದ್ದಳು.

"ಯಾರ್ ಒಟ್ಟಿಗ್ ಹೋದ್ದ್?"

"ಎಲ್ಲಿಗೂ ಹೋಯ್ಲಿಲ್ಲೆ ಅಪ್ಪಯ್ಯ."

"ಹೋಗ್ದೆ ಆ ಮಾತೆಲ್ಲ ಹ್ಯಾಂಗೆ ಬತ್ತ್ ನಿಂಗೆ?"

"ಹಿಂದಿನ್ ಬಾಗ್ಲಂಗೆ ಕೂಕಂಡ್ರೆ ಎಲ್ಲ ಕೇಂತ್."

ಸರಿಯಾಗಿ ಆಗಲೇ ಟೆಂಟಿನಲ್ಲಿ ಆಟಕ್ಕೆ ಮೊದಲಿನ ಗಣಪತಿಯ ಹಾಡು ಹಾಕಿದರು. ಹಾಡು ಅಡುಗೆಮನೆ ದಾಟಿ, ದೇವರ ಕೋಣೆ ದಾಟಿ ಜಗಲಿಯವರೆಗೆ ಬಂತು. ಅಪ್ಪಯ್ಯ ಅದಕ್ಕಿಂತ ಗಟ್ಟಿ ಸ್ವರದಲ್ಲಿ ಕೂಗಬೇಕಾಯಿತು:

"ಸುಳ್ಳ್ ಹೇಳ್ಬೇಡ! ಈ ಮನಿಗ್ ಒಂದ್ ಶಬ್ದವೂ ಕೇಂತಿಲ್ಲೆ!"

ನನಗೆ ನಗು ಬಂತು, ಅಳುವೂ ಬಂತು. "ಕೇಂತ್ ಅಪ್ಪಯ್ಯ, ಈಗ್ಳೂ ಕೇಂತಿತ್ತಲೆ. ಅಕ್ಕ ದಿನಾ ನಮ್ಮೊಟ್ಟಿಗೇ ಇದ್ದಿದ್ಲ್" ಅಂದೆ. "ಬಾಯ್ ಮುಚ್ಚ್. ಅವ್ಳ್ ಕಲ್ಸದ್ದ್ ಹೇಳ್ತೆ ನೀನ್" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೇಳಿದರು:

"ಏಯ್, ಕೇಂಡ್ಯಾ? ಹಿಂದಿನ್ ಬಾಗ್ಲ್ ತೆಗುದಿತ್ತಾ ಈ ಮನಿಯಂಗೆ? ಹೇಳ್."

ಅಮ್ಮ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೌದು, ತೆಗೆಯುತ್ತೇನೆ, ನಾನೂ ಕೇಳುತ್ತೇನೆ, ಮಗಳು ನನ್ನ ಕಾಲಬುಡದಲ್ಲೇ ಕೂತಿರುತ್ತಾಳೆ. ಇಷ್ಟೇ. ಅಪ್ಪಯ್ಯ ಕೂಗಾಡುತ್ತಿದ್ದರು, ಎರಡು ದಿನ ಊಟ ಬಿಡುತ್ತಿದ್ದರು, ಆಮೇಲೆ ಎಲ್ಲ ಸರಿಯಾಗುತ್ತಿತ್ತು. ಅಕ್ಕ ಅಡುಗೆಮನೆಯ ಬಾಗಿಲಿನತ್ತ ನೋಡುತ್ತಾ ನಿಂತಳು. ಹಾಡು ಕೇಳಿಸುತ್ತಲೇ ಇತ್ತು. ಒಳಗಿನಿಂದ ಬಳೆಗಳ ಸದ್ದಾಯಿತು. ಅಕ್ಕನ ಮುಖ ಅರಳಿದ್ದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಅಮ್ಮ ಎದ್ದಳು ಎಂದು ನಾನೂ ಅಂದುಕೊಂಡೆ. ಕಾದೆವು. ಯಾರೂ ಬರಲಿಲ್ಲ. ನಾನು ಓಡಿಹೋಗಿ ನೋಡಿದಾಗ ಅಮ್ಮ ಒಲೆಯೆದುರು ಕೂತಲ್ಲೇ ಕೂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಒಲೆಯಲ್ಲಿ ಒಣ ಕಟ್ಟಿಗೆ ಚೆನ್ನಾಗಿ ಉರಿಯುತ್ತಿತ್ತು.

ಅಕ್ಕನನ್ನು ಟ್ರೈನಿಂಗಿಗೆ ಕಳಿಸಲಿಲ್ಲ. ಮಳೆ ಜೋರಾಗುವ ಮೊದಲೇ ಸಿದ್ದಾಪುರದ ಕಡೆಯ, ಹೆಂಡತಿ ತೀರಿಕೊಂಡಿದ್ದ ಒಬ್ಬರಿಗೆ ಮದುವೆ ಮಾಡಿಕೊಟ್ಟರು. ಭಾವ ಕೆಟ್ಟವರಲ್ಲ. ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡು ಹೊಟ್ಟೆಬಟ್ಟೆಗೆ ಕಡಿಮೆ ಮಾಡದೆ ಸಾಕಿದರು. ಆದರೆ ಸಿನಿಮಾ ಹುಚ್ಚಿನ ಹುಡುಗಿ ಎಂದು ಅವರಿಗೆ ಮೊದಲೇ ಯಾರೋ ಹೇಳಿದ್ದರಿಂದ ಆ ಮನೆಗೆ ಬಹಳ ವರ್ಷ ರೇಡಿಯೋ ಕೂಡ ಬರಲಿಲ್ಲ. ಬೇಸಗೆ ರಜೆಯಲ್ಲಿ ಹೋದಾಗ ನಾನು ಹಪ್ಪಳದ ಡಬ್ಬ ತಂದು ಅವಳೆದುರು ಇಟ್ಟೆ. "ಹೊಸ ಪ್ಲೇಟ್ ಬರ್ಲಿಲ್ಯಾ ಅಕ್ಕ?" ಎಂದೆ. ಅವಳು ಎರಡು ಹಪ್ಪಳ ತೆಗೆದು ಎಣ್ಣೆಯಲ್ಲಿ ಕರಿದು ತಟ್ಟೆಗೆ ಹಾಕಿ ಕೊಟ್ಟಳು. ತನ್ನ ಮಕ್ಕಳಿಗೂ ಅವಳು ಕತೆ ಹೇಳಿದ್ದನ್ನು ನಾನು ಕೇಳಿಲ್ಲ. ಮಲಗಿ ಅಂದರೆ ಅವು ಮಲಗಬೇಕು. ನನ್ನನ್ನು ಮಾತ್ರ ಅಪ್ಪಯ್ಯ ಓದಿಸಿದರು. ದೊಡ್ಡವಳಲ್ಲಿ ಆದ ತಪ್ಪು ಇವಳಲ್ಲಿ ಆಗಬಾರದು ಅನ್ನುತ್ತಿದ್ದರು, ತಪ್ಪು ಯಾರದ್ದು ಅನ್ನುತ್ತಿರಲಿಲ್ಲ. ನಾನು ಗಣಿತದ ಟೀಚರಾದೆ. ಕನ್ನಡ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಜೊತೆಯವರು ಕೇಳುತ್ತಿದ್ದರು. ಯಾವುದನ್ನೂ ಚಂದ ಮಾಡಿ ಹೇಳಬಾರದು ಎಂದು ನಾನು ಆ ಜಗಲಿಯಲ್ಲೇ ತೀರ್ಮಾನಿಸಿದ್ದೆ. ನಿಜವನ್ನೂ ಬಣ್ಣ ತೆಗೆದು, ಒಣಗಿಸಿ ಹೇಳುತ್ತೇನೆ. ಜನ ನನ್ನನ್ನು ನೇರ ಮಾತಿನವಳು ಅನ್ನುತ್ತಾರೆ. ನಾನು ಹೆದರಿದವಳು ಅನ್ನುವುದು ಅವರಿಗೆ ಗೊತ್ತಿಲ್ಲ.

ಅಮ್ಮನನ್ನು ಮಾತ್ರ ನಾನು ಒಮ್ಮೆಯೂ ಕೇಳಲಿಲ್ಲ. ಅಪ್ಪಯ್ಯನ ಮೇಲಿನ ಸಿಟ್ಟು ಅವರ ಜೊತೆಗೇ ಹೋಯಿತು. ಅಮ್ಮನ ಮೇಲಿನದ್ದು ಹೋಗಿಲ್ಲ. ಅವಳು ಈಗ ಬ್ರಹ್ಮಾವರದಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಹೊತ್ತಿಗೆ ಸರಿಯಾಗಿ ಗಂಜಿ, ಮಾತ್ರೆ ಎಲ್ಲ ಕೊಡುತ್ತೇನೆ, ತಲೆ ಬಾಚುತ್ತೇನೆ. ಬಾಚುವಾಗ ಒಮ್ಮೊಮ್ಮೆ ಜಡೆ ಬಿಗಿಯಾಗುತ್ತದೆ.

ಹೋದ ಸಲ ಅಪ್ಪಯ್ಯನ ಶ್ರಾದ್ಧಕ್ಕೆ ಅಕ್ಕ ಸಿದ್ದಾಪುರದಿಂದ ಬಂದಿದ್ದಳು. ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ, ಮಧ್ಯಾಹ್ನ, ನಾವು ಮೂವರೇ ಉಳಿದೆವು. ಆ ಸಿನಿಮಾ ನನಗೆ ಅದಕ್ಕೆ ಸ್ವಲ್ಪ ದಿನ ಮೊದಲು ಫೋನಿನಲ್ಲಿ ಸಿಕ್ಕಿತ್ತು. ಅದುವರೆಗೆ ಅದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಇಟ್ಟಿದ್ದೆ, ಉಳಿದದ್ದನ್ನು ಅಕ್ಕನ ಜೊತೆಯೇ ನೋಡಬೇಕೆಂದು. ಅಮ್ಮನ ಮಂಚದೆದುರು ಸ್ಟೂಲಿಟ್ಟು, ಸ್ಟೀಲಿನ ಚೊಂಬಿಗೆ ಫೋನನ್ನು ಒರಗಿಸಿದೆ. ಅಕ್ಕ ಮಂಚದ ತುದಿಯಲ್ಲಿ ಕೂತಳು. ಮಾತು ಬರುವ ಮೊದಲೇ ಅವಳ ತುಟಿ ಆ ಮಾತಿಗೆ ಅಲುಗುತ್ತಿದ್ದದ್ದನ್ನು ನೋಡಿದೆ. ನಾಯಕಿ ನಾವಂದುಕೊಂಡದ್ದಕ್ಕಿಂತ ದಪ್ಪಗಿದ್ದಳು, ಅತ್ತೆಗೆ ನತ್ತು ಇರಲಿಲ್ಲ, ಯಾರೂ ಹಸಿದವರಿಗೆ ಊಟ ಹಾಕಲಿಲ್ಲ.

ಪಂಚಾಯಿತಿ ಬಂತು. ಹಿರಿಯರು ಕೇಳಿದರು, ಇವಳ ಪರವಾಗಿ ಮಾತಾಡುವವರು ಯಾರಾದರೂ ಇದ್ದೀರಾ. ಪಿಟೀಲು ಸುರುವಾಯಿತು. ಗಂಡಸರ ಹಿಂದೆ ನೆಲದ ಮೇಲೆ ತಾಯಿ ಕೂತಿದ್ದಳು. ನಿಜಕ್ಕೂ ಒಬ್ಬಳು ತಾಯಿ ಇದ್ದಳು ಅಲ್ಲಿ. ಅಮ್ಮ ತಲೆದಿಂಬಿನಿಂದ ತಲೆಯೆತ್ತಿದಳು. ಬಳೆಗಳ ಸದ್ದಾಯಿತು. ತಾಯಿ ಸೆರಗನ್ನು ಎತ್ತಿ ಬಾಯಿಗೆ ಒತ್ತಿಕೊಂಡಳು. ಅಷ್ಟೆ. ಆ ಸದ್ದು ಅದರದ್ದು. ಸೊಸೆ ಒಬ್ಬಳೇ ಬಾಗಿಲು ದಾಟಿ ದಾರಿಗೆ ಇಳಿದಳು. ಹಾಡು ಬಂತು. ಅಮ್ಮ ಪರದೆಯನ್ನೇ ನೋಡುತ್ತಾ ಕೇಳಿದಳು:

"ಇದೆಂತ? ಇಲ್ಲ್ ಅವ್ಳ್ ಅಮ್ಮ ಎದ್ದ್ ಬರ್ಕಿತ್ತಲ್ದಾ?"

ಇಷ್ಟು ವರ್ಷ ಅಮ್ಮ ಅದನ್ನು ಮರೆತಿರಲಿಲ್ಲ. ಅಕ್ಕನ ಸಿನಿಮಾ ಇಡೀ ಅವಳ ತಲೆಯಲ್ಲಿತ್ತು, ಹಸಿರು ಸೀರೆ ಸಮೇತ. ನಾನು ಬಾಯಿ ತೆರೆದೆ. ಆದರೆ ಅಕ್ಕ ನನಗಿಂತ ಮೊದಲು ಹೇಳಿದಳು. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ತಿದ್ದಿ ಹೇಳುವಂತಿತ್ತು.

"ಇಲ್ಲೆ ಅಮ್ಮ. ಎದ್ದ್ ಬತ್ಲ್ ಅಂತ ನೀನ್ ಹೇಳದ್ದ್. ಅವ್ಳ್ ಏಳ್ಲೇ ಇಲ್ಲೆ."

ಅಮ್ಮನ ಕೈ ಸೆರಗಿಗೆಂದು ಹೆಗಲಿಗೆ ಹೋಯಿತು, ಅಲ್ಲಿ ತಡಕಾಡಿತು. ಅಮ್ಮ ಈಗ ಹಾಕುವುದು ನೈಟಿ.